ಕೋರ್ಸ್‌ಗಳ ಹೊರೆ ಮತ್ತು ಕೋರ್ ಅಗತ್ಯಗಳು: ಬಿಗಿಯಾದ ಕಾಲೇಜೊಂದರಲ್ಲಿ ನಾಲ್ಕು ವರ್ಷಗಳನ್ನು ಯೋಜಿಸುವ ಬಗೆ

ನಾಲ್ಕು ವರ್ಷದ ಪದವಿಯೊಂದು ಸಾಮಾನ್ಯವಾಗಿ ಮೂರು ಬಗೆಯ ಕೋರ್ಸ್‌ಗಳಿಂದ ಕೂಡಿರುತ್ತದೆ. ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಕೋರ್ ಕೋರ್ಸ್‌ಗಳು, ಆಯ್ದುಕೊಂಡ ಮೇಜರ್ ವಿಷಯದ ಕೋರ್ಸ್‌ಗಳು, ಉಳಿದ ಜಾಗವನ್ನು ತುಂಬುವ ಐಚ್ಛಿಕ ಕೋರ್ಸ್‌ಗಳು. ಕಾಗದದ ಮೇಲೆ ಈ ಮೂರೂ ಒಂದೇ ನಾಣ್ಯದಲ್ಲಿ, ಅಂದರೆ ಕ್ರೆಡಿಟ್‌ಗಳಲ್ಲಿ ಎಣಿಕೆಯಾಗುತ್ತವೆ. ತೊಂದರೆ ಶುರುವಾಗುವುದು ಅಲ್ಲಿಯೇ. ಒಂದೇ ಕ್ರೆಡಿಟ್ ಮೌಲ್ಯದ ಎರಡು ಕೋರ್ಸ್‌ಗಳಲ್ಲಿ ಒಂದು ವಾರಕ್ಕೆ ಆರು ಗಂಟೆಯಲ್ಲಿ ಮುಗಿದರೆ ಇನ್ನೊಂದು ಹದಿನೈದು ಗಂಟೆ ನುಂಗಬಹುದು. ಒಂದನ್ನು ಯಾವ ಸೆಮಿಸ್ಟರಿನಲ್ಲಿ ಬೇಕಾದರೂ ಓದಬಹುದಾದರೆ, ಇನ್ನೊಂದನ್ನು ಒಂದು ಸೆಮಿಸ್ಟರ್ ತಡಮಾಡಿದರೂ ಪದವಿಯೇ ಒಂದು ವರ್ಷ ಮುಂದಕ್ಕೆ ಹೋಗಬಹುದು. ಆದ್ದರಿಂದ ಹೊರೆಯನ್ನು ಕ್ರೆಡಿಟ್‌ಗಳ ಮೊತ್ತದಿಂದ ಅಳೆಯದೆ, ಗಂಟೆ, ಕೆಲಸದ ಬಗೆ ಮತ್ತು ಓದಬೇಕಾದ ಕ್ರಮ ಈ ಮೂರರಿಂದ ಅಳೆಯಬೇಕೆಂಬುದು ಈ ಮಾರ್ಗದರ್ಶಿಯ ನಿಲುವು. ಉದಾಹರಣೆಗಳನ್ನು ಹೆಚ್ಚಾಗಿ ಅಮೆರಿಕದ ಕಾಲೇಜುಗಳಿಂದ ತೆಗೆದುಕೊಂಡಿದ್ದೇನೆ, ಏಕೆಂದರೆ ಕೋರ್ ಪದ್ಧತಿ ಗಟ್ಟಿಯಾಗಿ ಬೇರುಬಿಟ್ಟಿರುವುದು ಅಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಕೋರ್ ಪಠ್ಯಕ್ರಮದ ಮೊದಲ ಕೋರ್ಸ್ ಆರಂಭವಾದದ್ದು 1919ರಲ್ಲಿ.

ಮೊದಲ ಹೆಜ್ಜೆ: ನಿಮಗೆ ಅನ್ವಯವಾಗುವ ನಿಯಮಗಳನ್ನು ಕೈಗೆ ತೆಗೆದುಕೊಳ್ಳಿ

ಕಾಲೇಜುಗಳು ಪದವಿಯ ನಿಯಮಗಳನ್ನು ಆಗಾಗ ಬದಲಿಸುತ್ತಿರುತ್ತವೆ. ಬಹುತೇಕ ಕಡೆ ವಿದ್ಯಾರ್ಥಿಗೆ ಅನ್ವಯವಾಗುವುದು ಅವರು ಪ್ರವೇಶ ಪಡೆದ ವರ್ಷದ ನಿಯಮಗಳೇ ಹೊರತು ಈ ವರ್ಷ ಜಾಲತಾಣದಲ್ಲಿ ಕಾಣುವ ಹೊಸ ನಿಯಮಗಳಲ್ಲ. ಹಾಗಾಗಿ ಪ್ರವೇಶ ಪಡೆದ ವರ್ಷದ ಕೈಪಿಡಿಯ ಪ್ರತಿಯೊಂದನ್ನು ಇಳಿಸಿಕೊಂಡು ಇಟ್ಟುಕೊಳ್ಳುವುದು ಮೊದಲ ಕೆಲಸ. ಎರಡು ವರ್ಷ ಹಿರಿಯರಾದ ವಿದ್ಯಾರ್ಥಿಯ ಸಲಹೆ ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದಿದ್ದರೂ ಅದು ಅವರ ಕಾಲದ ನಿಯಮಕ್ಕೆ ಹೊಂದುವ ಸಲಹೆ ಎಂಬುದನ್ನು ಮರೆಯಬಾರದು.

ಅನಂತರ ಒಂದು ಸ್ಪ್ರೆಡ್‌ಶೀಟ್ ತೆರೆದು, ಕೋರ್, ಮೇಜರ್ ಮತ್ತು ಐಚ್ಛಿಕ ಎಂಬ ಮೂರು ಕಾಲಂಗಳ ಜೊತೆಗೆ ನಾಲ್ಕನೆಯದೊಂದನ್ನು ಹಾಕಿರಿ. ಕ್ರೆಡಿಟ್ ಇಲ್ಲದಿದ್ದರೂ ಪದವಿಗೆ ಬೇಕಾದ ಅಗತ್ಯಗಳಿಗೆ ಅದು ಮೀಸಲು. ಅಮೆರಿಕದ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ದೈಹಿಕ ಶಿಕ್ಷಣದ ತರಗತಿಗಳೂ ಈಜಿನ ಅಗತ್ಯವೂ ಈ ಗುಂಪಿಗೆ ಸೇರುತ್ತವೆ. ಕ್ಯಾಲ್ಕುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಪ್ರಯೋಗಾಲಯ, ಮಾನವಿಕ ವಿಷಯಗಳು ಎಲ್ಲ ಸೇರಿ ಹದಿನೇಳು ಕಡ್ಡಾಯ ವಿಷಯಗಳನ್ನು ಜಾಗ್ರತೆಯಿಂದ ಮುಗಿಸಿದವರು ಈಜನ್ನು ಕೊನೆಯ ಸೆಮಿಸ್ಟರಿನವರೆಗೆ ತಳ್ಳಿಕೊಂಡು ಬಂದರೆ, ಆಗ ಅದು ಸಣ್ಣ ವಿಷಯವಾಗಿ ಉಳಿಯುವುದಿಲ್ಲ.

ಕಾಲೇಜಿನ ಡಿಗ್ರಿ ಆಡಿಟ್ ವ್ಯವಸ್ಥೆ ಇವನ್ನೆಲ್ಲ ತಾನೇ ತೋರಿಸುತ್ತದಲ್ಲ ಎಂಬ ಪ್ರಶ್ನೆ ಸಹಜ. ಅದು ಮುಗಿದದ್ದೆಷ್ಟು, ಬಾಕಿಯೆಷ್ಟು ಎಂಬುದನ್ನು ತೋರಿಸುತ್ತದೆ. ಬಾಕಿ ಇರುವ ಕೋರ್ಸ್ ಮುಂದಿನ ವರ್ಷ ನಡೆಯುತ್ತದೆಯೋ ಇಲ್ಲವೋ, ಎರಡು ಕಡ್ಡಾಯ ಕೋರ್ಸ್‌ಗಳ ವೇಳೆ ಒಂದರ ಮೇಲೊಂದು ಬೀಳುತ್ತದೆಯೋ ಎಂಬುದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಆ ಲೆಕ್ಕವನ್ನು ನೀವೇ ಇಡಬೇಕು.

ಎರಡನೆಯ ಹೆಜ್ಜೆ: ಕೊನೆಯ ಸೆಮಿಸ್ಟರಿನಿಂದ ಹಿಂದಕ್ಕೆ ಬನ್ನಿ

ಮೊದಲ ಸೆಮಿಸ್ಟರಿನಲ್ಲಿ ಏನು ತೆಗೆದುಕೊಳ್ಳಲಿ ಎಂದು ಮುಂದಕ್ಕೆ ಯೋಚಿಸುವುದು ಎಲ್ಲರ ರೂಢಿ. ಆದರೆ ಒಂದು ಕೋರ್ಸ್ ಓದಲು ಮತ್ತೊಂದು ಮೊದಲೇ ಮುಗಿದಿರಬೇಕೆಂಬ ನಿಯಮ ಇರುವ ಕಡೆ ಹಿಂದಕ್ಕೆ ಎಣಿಸಿದರೆ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ.

ಅರ್ಥಶಾಸ್ತ್ರವನ್ನು ಮೇಜರ್ ಆಗಿ ಆಯ್ದುಕೊಂಡು ಕೊನೆಯ ವರ್ಷದಲ್ಲಿ ಪ್ರಬಂಧ ಬರೆಯಬೇಕೆಂದಿರುವ ವಿದ್ಯಾರ್ಥಿನಿಯೊಬ್ಬರ ಯೋಜನೆಯನ್ನು ಕಲ್ಪಿಸಿಕೊಳ್ಳೋಣ. ಪ್ರಬಂಧ ಏಳು ಮತ್ತು ಎಂಟನೆಯ ಸೆಮಿಸ್ಟರುಗಳನ್ನು ತೆಗೆದುಕೊಳ್ಳುತ್ತದೆ, ಅದಕ್ಕೆ ಮೊದಲು ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಮುಗಿದಿರಬೇಕು. ಅವರ ವಿಭಾಗದಲ್ಲಿ ಎಕನಾಮೆಟ್ರಿಕ್ಸ್ ನಡೆಯುವುದು ಬೆಸ ಸೆಮಿಸ್ಟರುಗಳಲ್ಲಿ ಮಾತ್ರ ಎಂದಿಟ್ಟುಕೊಂಡರೆ, ಐದನೆಯ ಸೆಮಿಸ್ಟರೇ ಅದಕ್ಕೆ ಕೊನೆಯ ಅವಕಾಶ. ಅದಕ್ಕೂ ಮೊದಲು ಸಂಖ್ಯಾಶಾಸ್ತ್ರ ಮತ್ತು ಮಧ್ಯಮ ಹಂತದ ಸೂಕ್ಷ್ಮ ಅರ್ಥಶಾಸ್ತ್ರ ಎರಡೂ ಆಗಿರಬೇಕು. ಎರಡನೆಯದು ಸಮ ಸೆಮಿಸ್ಟರುಗಳಲ್ಲಿ ಮಾತ್ರ ನಡೆಯುತ್ತದೆ, ಅದಕ್ಕೆ ‘ಕ್ಯಾಲ್ಕುಲಸ್ 2’ ಎಂಬ ಕೋರ್ಸ್ ಬೇಕು. ಅಲ್ಲಿಗೆ ಸೂಕ್ಷ್ಮ ಅರ್ಥಶಾಸ್ತ್ರ ನಾಲ್ಕನೆಯ ಸೆಮಿಸ್ಟರಿಗೆ, ‘ಕ್ಯಾಲ್ಕುಲಸ್ 2’ ಮೂರನೆಯದರ ಒಳಗೆ, ‘ಕ್ಯಾಲ್ಕುಲಸ್ 1’ ಎರಡನೆಯದರ ಒಳಗೆ ಬಂದು ನಿಂತವು. ನಾಲ್ಕು ವರ್ಷಗಳಿವೆ ಎಂದುಕೊಂಡವರ ಕೈಯಲ್ಲಿ ನಿಜಕ್ಕೂ ಇದ್ದ ಬಿಡುವು ಒಂದೇ ಒಂದು ಸೆಮಿಸ್ಟರ್.

ಇದೇ ವಿದ್ಯಾರ್ಥಿನಿ ಮೂರನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಲು ಬಯಸಿದರೆ? ಐದನೆಯ ಸೆಮಿಸ್ಟರಿನಲ್ಲಿ ಹೋದರೆ ಎಕನಾಮೆಟ್ರಿಕ್ಸ್ ತಪ್ಪುತ್ತದೆ, ಅದರೊಂದಿಗೆ ಪ್ರಬಂಧವೂ ಹೋಗುತ್ತದೆ. ಆರನೆಯದರಲ್ಲಿ ಹೋದರೆ ಏನೂ ಕೆಡುವುದಿಲ್ಲ. ಪ್ರವೇಶ ಪಡೆದ ಮೊದಲ ತಿಂಗಳಲ್ಲೇ ಈ ಸರಪಳಿಯನ್ನು ಕಾಗದದ ಮೇಲೆ ಎಳೆದವರಿಗೆ ಈ ಸಂಗತಿ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಕೋರ್ ಅಗತ್ಯಗಳಲ್ಲೂ ಇಂಥ ಸರಪಳಿಗಳು ಅಡಗಿರುತ್ತವೆ, ಅವುಗಳಲ್ಲಿ ಮುಖ್ಯವಾದದ್ದು ಭಾಷೆ. ಹಲವು ಕಾಲೇಜುಗಳು ಎರಡನೆಯ ಭಾಷೆಯೊಂದರಲ್ಲಿ ಮಧ್ಯಮ ಹಂತದ ಪರಿಣತಿಯನ್ನು ಕೇಳುತ್ತವೆ, ಆರಂಭದಿಂದ ಕಲಿಯುವವರಿಗೆ ಅದು ನಾಲ್ಕು ಸೆಮಿಸ್ಟರುಗಳ ಸಾಲಾಗಬಹುದು. ಮಧ್ಯೆ ಒಂದು ವರ್ಷ ಬಿಟ್ಟು ಮೂರನೆಯ ಹಂತಕ್ಕೆ ಮರಳಿದವರು ಮರೆತದ್ದನ್ನು ಮೊದಲು ಕಲಿಯಬೇಕಾಗುತ್ತದೆ. ಹಾಗಾಗಿ ಭಾಷೆಯನ್ನು ಬಿಡುವಿಲ್ಲದೆ ಒಂದೇ ಓಟದಲ್ಲಿ ಮುಗಿಸುವುದು ಉತ್ತಮ. ಈಗಾಗಲೇ ಗೊತ್ತಿರುವ ಭಾಷೆಯೊಂದರಲ್ಲಿ ಹಂತ ನಿರ್ಧಾರದ ಪರೀಕ್ಷೆ ಬರೆದು ವಿನಾಯಿತಿ ಪಡೆಯುವ ಅವಕಾಶವಿದೆಯೇ ಎಂದು ಪ್ರವೇಶದ ಸಮಯದಲ್ಲೇ ಕೇಳಿರಿ. ಮನೆಯಲ್ಲಿ ಬೇರೊಂದು ಭಾಷೆ ಆಡುವವರು ಈ ಅವಕಾಶವನ್ನು ಬಳಸಿಕೊಂಡರೆ ನಾಲ್ಕು ಕೋರ್ಸ್‌ಗಳ ಜಾಗ ಒಮ್ಮೆಗೇ ತೆರವಾಗಬಹುದು.

ಮೂರನೆಯ ಹೆಜ್ಜೆ: ಕ್ರೆಡಿಟ್‌ಗಳನ್ನು ಗಂಟೆಗಳಿಗೆ ಇಳಿಸಿ

ಕ್ರೆಡಿಟ್ ಎಂದರೆ ಎಷ್ಟು ಕೆಲಸ ಎಂಬುದಕ್ಕೆ ಬರಹದಲ್ಲಿರುವ ಲೆಕ್ಕಗಳಿವೆ. ಅಮೆರಿಕದ ಒಕ್ಕೂಟ ಸರ್ಕಾರದ ವ್ಯಾಖ್ಯೆಯ ಪ್ರಕಾರ ಒಂದು ಸೆಮಿಸ್ಟರ್ ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ತರಗತಿ ಮತ್ತು ಕನಿಷ್ಠ ಎರಡು ಗಂಟೆ ತರಗತಿಯ ಹೊರಗಿನ ಕೆಲಸ. ಯುರೋಪಿನ ದೇಶಗಳ ನಡುವೆ ಕ್ರೆಡಿಟ್‌ಗಳನ್ನು ಹೊಂದಿಸುವ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್‌ಗಳು, ಒಂದೊಂದಕ್ಕೂ ಒಟ್ಟು 25ರಿಂದ 30 ಗಂಟೆಗಳ ಕೆಲಸ. ಎಂಐಟಿ ಇನ್ನೂ ನೇರವಾಗಿ ಹೇಳುತ್ತದೆ. ಅಲ್ಲಿ 12 ಯೂನಿಟ್‌ಗಳ ವಿಷಯವೆಂದರೆ ವಾರಕ್ಕೆ ಸುಮಾರು 12 ಗಂಟೆಗಳ ಕೆಲಸ, ಅದನ್ನು 3-0-9 ಎಂದು ಬರೆದರೆ ಮೂರು ಗಂಟೆ ತರಗತಿ, ಪ್ರಯೋಗಾಲಯವಿಲ್ಲ, ಒಂಬತ್ತು ಗಂಟೆ ಸ್ವಂತ ಓದು ಎಂದರ್ಥ. ಇಂಥ ಒಡೆದ ಲೆಕ್ಕ ಎಲ್ಲ ಕಾಲೇಜುಗಳಲ್ಲೂ ಇದ್ದಿದ್ದರೆ ವಿದ್ಯಾರ್ಥಿಗಳ ಅರ್ಧ ಗೊಂದಲ ತಪ್ಪುತ್ತಿತ್ತು.

ಈಗ ನಿಮ್ಮ ವಾರದ ಲೆಕ್ಕ ಹಾಕಿರಿ. ವಾರಕ್ಕೆ 168 ಗಂಟೆಗಳು. ನಿದ್ದೆಗೆ ದಿನಕ್ಕೆ ಎಂಟರಂತೆ 56, ಊಟ, ಸ್ನಾನ, ಓಡಾಟಕ್ಕೆ ದಿನಕ್ಕೆ ಮೂರರಂತೆ 21 ಕಳೆದರೆ ಉಳಿಯುವುದು 91. ಹದಿನೈದು ಕ್ರೆಡಿಟ್‌ಗಳಿಗೆ 45 ಗಂಟೆ, ಕ್ಯಾಂಪಸ್ಸಿನ ಅರೆಕಾಲಿಕ ಕೆಲಸಕ್ಕೆ 10, ಸಂಘವೊಂದಕ್ಕೆ ಆರು ಗಂಟೆ ಕೊಟ್ಟರೆ 30 ಗಂಟೆ ಕೈಯಲ್ಲಿ ಉಳಿಯುತ್ತದೆ. ಹದಿನೆಂಟು ಕ್ರೆಡಿಟ್‌ಗಳಾದರೆ ಉಳಿಯುವುದು 21, ಅಂದರೆ ದಿನಕ್ಕೆ ಮೂರೇ ಗಂಟೆ. ಜ್ವರ ಬಂದ ವಾರವನ್ನೂ, ಎರಡು ಮಿಡ್‌ಟರ್ಮ್ (ಸೆಮಿಸ್ಟರಿನ ನಡುವಿನ ಪರೀಕ್ಷೆ) ಒಟ್ಟಿಗೆ ಬಂದ ವಾರವನ್ನೂ ನುಂಗಿಕೊಳ್ಳಬೇಕಾದದ್ದು ಈ ಮೂರು ಗಂಟೆಗಳೇ.

ಇವು ಕನಿಷ್ಠ ಲೆಕ್ಕಗಳು. ನಿಮ್ಮ ನಿಜವಾದ ಲೆಕ್ಕ ಬೇಕಾದರೆ ಅಳೆದು ನೋಡಬೇಕು. ಕೋರ್ಸಿನ ಹಿಂದಿನ ವರ್ಷದ ಸಿಲಬಸ್ ಹುಡುಕಿ, ಅದರಲ್ಲಿ ಹೇಳಿರುವ ಪುಸ್ತಕವೊಂದರ ಇಪ್ಪತ್ತು ಪುಟಗಳನ್ನು ಟಿಪ್ಪಣಿ ಮಾಡಿಕೊಳ್ಳುತ್ತ ಓದಿ, ಗಡಿಯಾರ ನೋಡಿಕೊಳ್ಳಿ. ಕಾದಂಬರಿಯನ್ನು ಗಂಟೆಗೆ ನಲವತ್ತು ಪುಟ ಓದುವವರು ತತ್ತ್ವಶಾಸ್ತ್ರದ ಮೂಲಗ್ರಂಥದಲ್ಲಿ ಹನ್ನೆರಡು ಪುಟಕ್ಕೇ ಸುಸ್ತಾಗಬಹುದು. ವಾರಕ್ಕೆ 150 ಪುಟಗಳ ಓದು ಮೊದಲನೆಯ ವೇಗದಲ್ಲಿ ನಾಲ್ಕು ಗಂಟೆಗಿಂತ ಕಡಿಮೆ, ಎರಡನೆಯದರಲ್ಲಿ ಹನ್ನೆರಡೂವರೆ ಗಂಟೆ. ಕೋರ್ ಕೋರ್ಸ್ ತಾನೇ, ಮೇಜರಿನಷ್ಟು ಕಷ್ಟವಿರದು ಎಂದು ಹಗುರವಾಗಿ ಎಣಿಸಿದವರನ್ನು ಸಿಕ್ಕಿಸುವುದು ಈ ವ್ಯತ್ಯಾಸವೇ.

ನಾಲ್ಕನೆಯ ಹೆಜ್ಜೆ: ಕೆಲಸದ ಬಗೆಗಳನ್ನು ಬೆರೆಸಿ

ಗಂಟೆಗಳ ಮೊತ್ತ ಒಂದೇ ಆಗಿದ್ದರೂ ಎರಡು ಸೆಮಿಸ್ಟರುಗಳ ಭಾರ ಒಂದೇ ಆಗಿರುವುದಿಲ್ಲ. ಕೋರ್ಸ್‌ಗಳ ಕೆಲಸವನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಪ್ರತಿ ವಾರ ಬಿಡಿಸಿ ಒಪ್ಪಿಸಬೇಕಾದ ಪ್ರಾಬ್ಲಮ್ ಸೆಟ್‌ಗಳು, ನಿರಂತರ ಓದು, ಬರಹ, ಪ್ರಯೋಗಾಲಯ. ಪ್ರಾಬ್ಲಮ್ ಸೆಟ್ ಇರುವ ಮೂರು ಕೋರ್ಸ್‌ಗಳನ್ನು ಒಟ್ಟಿಗೆ ತೆಗೆದುಕೊಂಡರೆ ಪ್ರತಿ ವಾರವೂ ಒಂದೇ ಎತ್ತರದ ಗೋಡೆ. ಬರಹದ ಕೋರ್ಸ್‌ಗಳು ಹಾಗಲ್ಲ. ಮೊದಲ ತಿಂಗಳು ಹಗುರವೆನಿಸಿ, ಆರನೆಯ ಮತ್ತು ಹದಿನಾಲ್ಕನೆಯ ವಾರದಲ್ಲಿ ಒಮ್ಮೆಗೇ ಮೈಮೇಲೆ ಬೀಳುತ್ತವೆ. ಪ್ರಯೋಗಾಲಯದ್ದು ಇನ್ನೊಂದು ಗುಣ: ಒಂದು ಇಡೀ ಮಧ್ಯಾಹ್ನವನ್ನು ತೆಗೆದುಕೊಂಡು, ವರದಿ ಬರೆಯಲು ಮತ್ತೊಂದು ಸಂಜೆಯನ್ನೂ ಕೇಳುತ್ತದೆ, ಆದರೆ ಕಾಗದದ ಮೇಲೆ ಅದರ ಕ್ರೆಡಿಟ್ ಒಂದೇ ಇರಬಹುದು.

ನಾಲ್ಕು ಕೋರ್ಸ್‌ಗಳ ಸೆಮಿಸ್ಟರಿನಲ್ಲಿ ಪ್ರಾಬ್ಲಮ್ ಸೆಟ್ ಇರುವವು ಎರಡನ್ನು ಮೀರದಿರಲಿ, ಒಂದು ಓದಿನದು, ಒಂದು ಬರಹದ್ದು ಇರಲಿ ಎಂಬುದು ನನ್ನ ಅಳತೆಗೋಲು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಎಲ್ಲ ಸೆಮಿಸ್ಟರುಗಳಲ್ಲೂ ಸಾಧ್ಯವಾಗದು. ಅಂಥವರು ಮೂರು ಪ್ರಾಬ್ಲಮ್ ಸೆಟ್‌ಗಳ ಗಡುವುಗಳು ಒಂದೇ ದಿನಕ್ಕೆ ಬೀಳದಂತೆ ತರಗತಿಯ ವಿಭಾಗಗಳನ್ನಾದರೂ ನೋಡಿ ಆಯ್ದುಕೊಳ್ಳಬೇಕು.

ಕಾಲದ ಅಳತೆಯೂ ಮುಖ್ಯ. ಚಿಕಾಗೋ ವಿಶ್ವವಿದ್ಯಾಲಯದಂತೆ ಕ್ವಾರ್ಟರ್ ಪದ್ಧತಿ ಇರುವಲ್ಲಿ ಒಂದು ಅವಧಿ ಸುಮಾರು ಹತ್ತು ವಾರಗಳಲ್ಲಿ ಮುಗಿದುಹೋಗುತ್ತದೆ, ವಿದ್ಯಾರ್ಥಿಗಳು ಅಲ್ಲಿ ಒಮ್ಮೆಗೆ ಮೂರು ಅಥವಾ ನಾಲ್ಕು ಕೋರ್ಸ್‌ಗಳನ್ನು ಓದುತ್ತಾರೆ. ಸೆಮಿಸ್ಟರಿನಲ್ಲಿ ಒಂದು ವಾರ ಹಿಂದೆ ಬಿದ್ದರೆ ಹದಿನೈದರಲ್ಲಿ ಒಂದು ಪಾಲು ಹೋಯಿತು, ಕ್ವಾರ್ಟರಿನಲ್ಲಿ ಹತ್ತರಲ್ಲಿ ಒಂದು. ಮೂರನೆಯ ವಾರಕ್ಕೇ ಮೊದಲ ಪರೀಕ್ಷೆ ಬರುವುದೂ ಉಂಟು. ನಿಧಾನವಾಗಿ ಹಿಡಿತ ಸಾಧಿಸುವ ಸ್ವಭಾವದವರು ಕ್ವಾರ್ಟರ್ ಪದ್ಧತಿಯಲ್ಲಿ ನಾಲ್ಕಕ್ಕೆ ಕೈಹಾಕುವ ಮುನ್ನ ಮೂರರಿಂದ ಆರಂಭಿಸುವುದು ಲೇಸು.

ಐದನೆಯ ಹೆಜ್ಜೆ: ಕೋರ್ ಕೋರ್ಸ್‌ಗಳಿಗೆ ಸರಿಯಾದ ಜಾಗ ಹುಡುಕಿ

ಕೋರನ್ನು ಮೊದಲ ಎರಡು ವರ್ಷಗಳಲ್ಲಿ ಪೂರ್ತಿಯಾಗಿ ಮುಗಿಸಿ ಕೈತೊಳೆದುಕೊಳ್ಳಿ ಎಂಬುದು ಎಲ್ಲೆಡೆ ಕೇಳಿಬರುವ ಸಲಹೆ. ನನಗದು ಅರ್ಧ ಮಾತ್ರ ಸರಿ ಎನಿಸುತ್ತದೆ. ಹಾಗೆ ಮುಗಿಸಿದವರ ಮೂರನೆಯ ಮತ್ತು ನಾಲ್ಕನೆಯ ವರ್ಷಗಳಲ್ಲಿ ಮೇಜರಿನ ಅತಿ ಕಠಿಣ ಕೋರ್ಸ್‌ಗಳು ಮಾತ್ರ ಉಳಿಯುತ್ತವೆ. ಹೊರೆಯನ್ನು ಸಮತೂಕಕ್ಕೆ ತರಲು ಬೇರೆ ಬಗೆಯ ಒಂದೂ ಕೋರ್ಸ್ ಕೈಯಲ್ಲಿರುವುದಿಲ್ಲ.

ಕೆಲವನ್ನು ಮುಂದೂಡುವಂತೆಯೇ ಇಲ್ಲ. ಬರವಣಿಗೆಯ ಕೋರ್ಸ್ ಮೊದಲ ವರ್ಷದಲ್ಲೇ ಆಗಬೇಕು, ಏಕೆಂದರೆ ಅಲ್ಲಿ ಕಲಿತದ್ದು ಮುಂದಿನ ಪ್ರತಿ ಪ್ರಬಂಧದಲ್ಲೂ ಸಮಯ ಉಳಿಸುತ್ತದೆ. ಮೇಜರಿಗೂ ಬೇಕಾದ ಗಣಿತ, ವಿಜ್ಞಾನಗಳು ಮೊದಲೇ ಬರಬೇಕು. ಕೊಲಂಬಿಯಾದ ಸಾಹಿತ್ಯದ ಕೋರ್ ಕೋರ್ಸ್‌ನಂತೆ ವರ್ಷವಿಡೀ ನಡೆಯುವ, ಇಡೀ ತಂಡ ಒಟ್ಟಿಗೆ ಓದುವ ಕೋರ್ಸ್‌ಗಳಿಗೆ ಕಾಲೇಜೇ ವರ್ಷವನ್ನು ನಿಗದಿಮಾಡಿರುತ್ತದೆ. ಉಳಿದವುಗಳಲ್ಲಿ, ಕಲೆ, ಸಂಗೀತ, ಸಮಾಜವಿಜ್ಞಾನದಂಥ ಎರಡು ಮೂರು ಕೋರ್ಸ್‌ಗಳನ್ನು ಮೇಜರ್ ಬಿಗಿಯಾಗುವ ಐದು ಮತ್ತು ಆರನೆಯ ಸೆಮಿಸ್ಟರುಗಳಿಗೆ ಬೇಕೆಂದೇ ಉಳಿಸಿಕೊಳ್ಳಿ. ಕೊನೆಯ ಸೆಮಿಸ್ಟರಿಗೆ ಮಾತ್ರ ಯಾವ ಕಡ್ಡಾಯವನ್ನೂ ಬಿಡಬೇಡಿ. ಸೀಟು ಸಿಗದಿದ್ದರೆ ಅಥವಾ ಕೋರ್ಸ್ ರದ್ದಾದರೆ ಅಲ್ಲಿ ಮತ್ತೊಂದು ಅವಕಾಶವಿರುವುದಿಲ್ಲ.

ಒಂದೇ ಕೋರ್ಸ್ ಎರಡು ಅಗತ್ಯಗಳನ್ನು ಪೂರೈಸಬಹುದೇ ಎಂಬುದನ್ನು ಕೈಪಿಡಿಯಲ್ಲಿ ಹುಡುಕಿರಿ. ಕೋರಿಗೂ ಮೇಜರಿಗೂ ಒಂದೇ ಕೋರ್ಸನ್ನು ಲೆಕ್ಕಕ್ಕೆ ಹಿಡಿಯಲು ಕೆಲವು ಕಾಲೇಜುಗಳು ಒಪ್ಪುತ್ತವೆ, ಕೆಲವು ಎರಡು ಮೇಜರುಗಳ ನಡುವೆ ಇಷ್ಟೇ ಕೋರ್ಸ್ ಎಂದು ಮಿತಿ ಹಾಕುತ್ತವೆ. ಆದರೆ ಅಗತ್ಯ ಪೂರೈಸಿದರೂ ಕ್ರೆಡಿಟ್ ಎರಡು ಸಲ ಸೇರುವುದಿಲ್ಲ. ಪದವಿಯ ಒಟ್ಟು ಕ್ರೆಡಿಟ್‌ಗಳನ್ನು ಬೇರೆ ಕೋರ್ಸ್‌ಗಳಿಂದ ತುಂಬಿಕೊಳ್ಳಲೇಬೇಕು.

ಆರನೆಯ ಹೆಜ್ಜೆ: ಮೊದಲ ಎರಡು ವಾರಗಳನ್ನು ಬಳಸಿಕೊಳ್ಳಿ

ಸೆಮಿಸ್ಟರಿನ ಆರಂಭದಲ್ಲಿ ಕೋರ್ಸ್‌ಗಳನ್ನು ಸೇರಿಸಲು, ಬಿಡಲು ಒಂದಿಷ್ಟು ದಿನಗಳ ಅವಕಾಶವಿರುತ್ತದೆ. ನಿಯಮ ಒಪ್ಪುವ ಕಡೆ, ಬೇಕಾದುದಕ್ಕಿಂತ ಒಂದು ಕೋರ್ಸ್ ಹೆಚ್ಚಾಗಿ ನೋಂದಾಯಿಸಿ ಎಲ್ಲ ತರಗತಿಗಳಿಗೂ ಹೋಗಿ ಬನ್ನಿ. ಸಿಲಬಸ್‌ಗಳು ಕೈಗೆ ಬಂದ ದಿನವೇ ಎಲ್ಲ ಗಡುವುಗಳನ್ನೂ ಒಂದೇ ಕ್ಯಾಲೆಂಡರಿಗೆ ಏರಿಸಿ. ಏಳನೆಯ ವಾರದ ಮಂಗಳವಾರ ಸಂಖ್ಯಾಶಾಸ್ತ್ರದ ಮಿಡ್‌ಟರ್ಮ್, ಬುಧವಾರ ಪ್ರಯೋಗಾಲಯದ ವರದಿ, ಗುರುವಾರ ಎಂಟು ಪುಟಗಳ ಪ್ರಬಂಧ ಎಂದು ಸಾಲಾಗಿ ಕಂಡರೆ, ಆ ವಾರದ ಭವಿಷ್ಯ ನಿಮಗೆ ಐದು ವಾರ ಮೊದಲೇ ತಿಳಿದಂತೆ. ಆಗ ಪ್ರಬಂಧದ ಕರಡನ್ನು ಐದನೆಯ ವಾರಕ್ಕೆ ಎಳೆದುಕೊಳ್ಳಬಹುದು, ಇಲ್ಲವೇ ಒಂದು ಕೋರ್ಸನ್ನು ದಾಖಲೆಯಲ್ಲಿ ಗುರುತೇ ಉಳಿಯದಂತೆ ಬಿಡಬಹುದು.

ಯಾವುದನ್ನು ಬಿಡುವುದೆಂದು ತೀರ್ಮಾನಿಸುವಾಗ ಸರಪಳಿಯ ಚಿತ್ರವನ್ನು ಮುಂದಿಟ್ಟುಕೊಳ್ಳಿ. ಅತಿ ಕಷ್ಟವೆನಿಸಿದ್ದನ್ನು ಬಿಡಬೇಕೆಂದು ಮನಸ್ಸು ಎಳೆಯುತ್ತದೆ, ಆದರೆ ಮುಂದಿನ ನಾಲ್ಕು ಕೋರ್ಸ್‌ಗಳು ಅದನ್ನೇ ನಂಬಿಕೊಂಡಿದ್ದರೆ ಬಿಡಬೇಕಾದದ್ದು ಬೇರೊಂದು.

ಏಳನೆಯ ಹೆಜ್ಜೆ: ಮಧ್ಯದಲ್ಲಿ ಕೈಬಿಡುವ ತೀರ್ಮಾನಕ್ಕೆ ಮೊದಲೇ ದಿನ ಗೊತ್ತುಮಾಡಿ

ಬಿಡುವ ಅವಧಿ ಮುಗಿದ ಮೇಲೆ ಕೋರ್ಸಿನಿಂದ ಹಿಂದೆ ಸರಿದರೆ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಡಬ್ಲ್ಯೂ ಎಂಬ ಗುರುತು ಬೀಳುತ್ತದೆ. ಅದು ಸರಾಸರಿ ಗ್ರೇಡಿನಲ್ಲಿ ಸೇರುವುದಿಲ್ಲ, ಫೇಲಾದವರಿಗೆ ಬೀಳುವ ಎಫ್ ಗ್ರೇಡ್ ಸೇರುತ್ತದೆ. ಒಂದೇ ಒಂದು ಡಬ್ಲ್ಯೂಗೆ ಅಂಜಿ ಉಳಿದ ಮೂರು ಕೋರ್ಸ್‌ಗಳ ಗ್ರೇಡನ್ನೂ ಕೆಡಿಸಿಕೊಳ್ಳುವುದು ಜಾಣತನವಲ್ಲ. ಆದರೆ ಈ ತೀರ್ಮಾನವನ್ನು ಕೊನೆಯ ರಾತ್ರಿ ಮಾಡಬಾರದು. ಹಿಂದೆ ಸರಿಯಲು ಇರುವ ಕೊನೆಯ ದಿನಕ್ಕೆ ಹತ್ತು ದಿನ ಮೊದಲಿನ ದಿನಾಂಕವೊಂದನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಂದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈವರೆಗೆ ಬಂದ ಅಂಕಗಳೊಂದಿಗೆ ಅಂತಿಮ ಪರೀಕ್ಷೆಯಲ್ಲಿ ಎಷ್ಟು ಬಂದರೆ ತೇರ್ಗಡೆ? ಅಷ್ಟು ಅಂಕಗಳನ್ನು ಈ ಕೋರ್ಸಿನಲ್ಲಿ ಒಮ್ಮೆಯಾದರೂ ಪಡೆದಿದ್ದೇನೆಯೇ? ಆಫೀಸ್ ಅವರ್ಸ್‌ಗೆ, ಅಂದರೆ ಅಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆ ಮೀಸಲಿಟ್ಟ ವೇಳೆಗೆ, ಹೋಗಿ ಅವರೊಂದಿಗೆ ಮಾತಾಡಿದ್ದೇನೆಯೇ? ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ಇಲ್ಲ ಎಂಬ ಉತ್ತರ ಬಂದರೆ ಮೊದಲು ಅಧ್ಯಾಪಕರ ಬಾಗಿಲು ತಟ್ಟಿ, ಆಮೇಲೆ ನಿರ್ಧರಿಸಿ.

ಗ್ರೇಡಿನ ಬದಲು ಪಾಸ್ ಅಥವಾ ಫೇಲ್ ಎಂದಷ್ಟೇ ದಾಖಲಾಗುವ ಪಾಸ್-ಫೇಲ್ ಆಯ್ಕೆ ಇರುವ ಕಡೆ ಅದನ್ನು ಐಚ್ಛಿಕ ಕೋರ್ಸ್‌ಗಳಿಗೆ ಮೀಸಲಿಡಬೇಕಾಗುತ್ತದೆ. ಕೋರಿಗೂ ಮೇಜರಿಗೂ ಗ್ರೇಡ್ ಇರಲೇಬೇಕೆಂಬುದು ಹಲವು ಕಾಲೇಜುಗಳ ನಿಯಮ.

ವಿದೇಶದಿಂದ ಅಮೆರಿಕಕ್ಕೆ ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿಗಳು ಇಲ್ಲಿ ಮತ್ತೊಂದು ಲೆಕ್ಕ ನೋಡಲೇಬೇಕು. ಪದವಿ ಹಂತದಲ್ಲಿ ಅವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್‌ಗಳನ್ನು ಓದುತ್ತಿರಬೇಕು. ಹದಿಮೂರು ಕ್ರೆಡಿಟ್‌ಗಳಿರುವಾಗ ನಾಲ್ಕು ಕ್ರೆಡಿಟ್‌ನ ಕೋರ್ಸೊಂದನ್ನು ಬಿಟ್ಟರೆ ಒಂಬತ್ತಕ್ಕೆ ಇಳಿಯುತ್ತದೆ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ನಿಯುಕ್ತರಾದ ಅಧಿಕಾರಿಯ ಒಪ್ಪಿಗೆಯನ್ನು ಮೊದಲೇ ಪಡೆಯದೆ ಹೀಗೆ ಇಳಿದರೆ ವೀಸಾ ಸ್ಥಿತಿಗೇ ಧಕ್ಕೆಯಾಗುತ್ತದೆ. ಅನಾರೋಗ್ಯ ಅಥವಾ ಆರಂಭದ ಶೈಕ್ಷಣಿಕ ತೊಂದರೆಯಂಥ ಕಾರಣಗಳಿಗೆ ಕಡಿಮೆ ಹೊರೆಯ ಅನುಮತಿ ಇದೆ, ಆದರೆ ಅನುಮತಿ ಕೈಗೆ ಬಂದ ಮೇಲಷ್ಟೇ ಕೋರ್ಸ್ ಬಿಡಬೇಕು. ಈ ಕ್ರಮ ಹಿಂದುಮುಂದಾಗುವಂತಿಲ್ಲ. ಸೆಮಿಸ್ಟರಿನ ಆರಂಭದಲ್ಲೇ 15 ಅಥವಾ 16 ಕ್ರೆಡಿಟ್‌ಗಳಿದ್ದರೆ ಒಂದನ್ನು ಬಿಟ್ಟೂ ಗಡಿಯ ಮೇಲೆ ನಿಲ್ಲಲು ಸಾಧ್ಯ.

ಎಂಟನೆಯ ಹೆಜ್ಜೆ: ಹೆಚ್ಚುವರಿ ಕೋರ್ಸ್‌ಗೆ ಕೈಚಾಚುವ ಮುನ್ನ

ಮಿತಿಗಿಂತ ಹೆಚ್ಚು ಕ್ರೆಡಿಟ್‌ಗಳಿಗೆ ವಿಶೇಷ ಅನುಮತಿ ಬೇಕಾಗುತ್ತದೆ. ಮೊದಲ ವರ್ಷದವರಿಗೆ ಎಂಐಟಿಯಂಥ ಕಡೆ ಕ್ರೆಡಿಟ್ ಮಿತಿಯೇ ಇರುತ್ತದೆ, ಅಲ್ಲಿ ಮೊದಲ ಸೆಮಿಸ್ಟರಿನ ಫೇಲ್ ಗ್ರೇಡ್‌ಗಳು ಹೊರಗಿನ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಒಳ್ಳೆಯ ವಿದ್ಯಾರ್ಥಿಗಳಿಗೂ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಕಾಲ ಬೇಕೆಂದು ಕಾಲೇಜೇ ಒಪ್ಪಿಕೊಂಡಿರುವಾಗ, ಮೊದಲ ಸೆಮಿಸ್ಟರಿನಲ್ಲೇ ಹೆಚ್ಚುವರಿ ಹೊರೆಗೆ ಅರ್ಜಿ ಹಾಕುವ ಆತುರಕ್ಕೆ ಅರ್ಥವಿಲ್ಲ. ಎರಡನೆಯ ಮೇಜರ್ ಬೇಕೆನ್ನುವವರೂ ಒಮ್ಮೆ ಯೋಚಿಸಲಿ. ಆ ವಿಷಯದ ಐದು ಒಳ್ಳೆಯ ಕೋರ್ಸ್‌ಗಳನ್ನು ಐಚ್ಛಿಕವಾಗಿ ಓದಿದರೂ ಕಲಿಕೆ ಕಡಿಮೆಯಾಗುವುದಿಲ್ಲ, ಅದರ ಕಡ್ಡಾಯಗಳ ಸರಪಳಿ ಮಾತ್ರ ತಪ್ಪುತ್ತದೆ.

ಒಂಬತ್ತನೆಯ ಹೆಜ್ಜೆ: ಸಲಹೆಗಾರರೊಂದಿಗೆ ಬರಹದಲ್ಲಿ ವ್ಯವಹರಿಸಿ

ಶೈಕ್ಷಣಿಕ ಸಲಹೆಗಾರರ ಬಳಿ ಖಾಲಿ ಕೈಯಲ್ಲಿ ಹೋಗಬೇಡಿ. ಎಂಟು ಸೆಮಿಸ್ಟರುಗಳ ಯೋಜನೆಯನ್ನು ಒಂದು ಪುಟದಲ್ಲಿ ಮುದ್ರಿಸಿಕೊಂಡು, ಅನುಮಾನವಿರುವ ಎರಡು ಮೂರು ಕಡೆ ಗುರುತು ಹಾಕಿಕೊಂಡು ಹೋದರೆ ಇಪ್ಪತ್ತು ನಿಮಿಷದ ಭೇಟಿಯಲ್ಲಿ ಕೆಲಸದ ಮಾತು ನಡೆಯುತ್ತದೆ. ಬದಲಿ ಕೋರ್ಸಿಗೆ ಒಪ್ಪಿಗೆ, ನಿಯಮದ ಸಡಿಲಿಕೆ, ಬೇರೆ ಕಾಲೇಜಿನ ಬೇಸಿಗೆ ಕೋರ್ಸಿನ ಕ್ರೆಡಿಟ್ ವರ್ಗಾವಣೆ ಇಂಥವು ಬಾಯಿಮಾತಿನಲ್ಲಿ ಮುಗಿಯಬಾರದು. ಭೇಟಿಯಾದ ಸಂಜೆಯೇ, "ತಾವು ಇಂದು ತಿಳಿಸಿದಂತೆ ಈ ಕೋರ್ಸನ್ನು ಸಮಾಜವಿಜ್ಞಾನದ ಕೋರ್ ಅಗತ್ಯಕ್ಕೆ ಪರಿಗಣಿಸಲಾಗುವುದು ಎಂದು ಅರ್ಥೈಸಿಕೊಂಡಿದ್ದೇನೆ, ದಯವಿಟ್ಟು ದೃಢಪಡಿಸಿ" ಎಂದು ಮೇಲ್ ಕಳಿಸಿ, ಉತ್ತರವನ್ನು ಉಳಿಸಿಕೊಳ್ಳಿ. ಮೂರು ವರ್ಷಗಳಲ್ಲಿ ಸಲಹೆಗಾರರು ಬದಲಾಗಬಹುದು, ಆಗ ಉಳಿಯುವುದು ಆ ಮೇಲ್ ಒಂದೇ. ವರ್ಗಾವಣೆಯ ಕ್ರೆಡಿಟ್‌ಗಂತೂ ಹೊರಗಿನ ಕಾಲೇಜಿಗೆ ಶುಲ್ಕ ಕಟ್ಟುವ ಮೊದಲೇ ಒಪ್ಪಿಗೆ ಸಿಕ್ಕಿರಬೇಕು.

ಏಳನೆಯ ಸೆಮಿಸ್ಟರಿಗೆ ನೋಂದಾಯಿಸುವ ಮುನ್ನ

ಆರನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಧಿಕೃತ ಪರಿಶೀಲನೆಯೊಂದನ್ನು ಕೇಳಿ ಮಾಡಿಸಿಕೊಳ್ಳಿ. ಒಟ್ಟು ಕ್ರೆಡಿಟ್, ಮೇಜರಿನ ಕನಿಷ್ಠ ಗ್ರೇಡ್, ಇದೇ ಕಾಲೇಜಿನಲ್ಲಿ ಗಳಿಸಿರಬೇಕಾದ ಕನಿಷ್ಠ ಕ್ರೆಡಿಟ್‌ಗಳು, ಮೇಲಿನ ಹಂತದ ಕೋರ್ಸ್‌ಗಳ ಸಂಖ್ಯೆ ಇವನ್ನು ಒಂದೊಂದಾಗಿ ನಿಮ್ಮ ಸ್ಪ್ರೆಡ್‌ಶೀಟಿನೊಂದಿಗೆ ತಾಳೆ ನೋಡಿ. ಅಪೂರ್ಣ ಎಂದು ಗುರುತಾಗಿ ಉಳಿದ ಹಳೆಯ ಕೋರ್ಸ್ ಇದ್ದರೆ ಅದು ಗಡುವು ಮುಗಿದ ಮೇಲೆ ತಾನಾಗಿ ಎಫ್ ಆಗಬಹುದು, ಅದನ್ನು ಮೊದಲು ಮುಗಿಸಿ. ವ್ಯತ್ಯಾಸ ಕಂಡರೆ ಸರಿಪಡಿಸಲು ಆಗಿನ್ನೂ ಎರಡು ಸೆಮಿಸ್ಟರ್ ಮತ್ತು ಒಂದು ಬೇಸಿಗೆ ಕೈಯಲ್ಲಿರುತ್ತವೆ. ಪದವಿ ಪ್ರದಾನಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕಾದ ಕಾಲೇಜುಗಳೂ ಇವೆ. ಅದರ ಕೊನೆಯ ದಿನಾಂಕವನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.